ಚೌಡಮ್ಮ ಮೂರು ಸಲ ಹೇಳಿದ್ದರು

ನನ್ನ ಮಗಳ ಬೆನ್ನು ತಟ್ಟಿದರೆ ಟಕ್ ಎಂದು ಸದ್ದಾಗುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಕಳೆದ ಶನಿವಾರ ಸಂಜೆ ಹೊಸನಗರ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲೊಂದರಲ್ಲಿ ದೋಸೆ ತಿನ್ನುತ್ತಿದ್ದೆವು. ನಾನು, ನನ್ನ ಗಂಡ, ಹದಿನೈದು ತಿಂಗಳ ಮಗಳು ಇಳಾ. ಪಕ್ಕದ ಟೇಬಲಿನ ಹೆಂಗಸೊಬ್ಬರು "ಕೊಡಿ ಇಲ್ಲಿ, ನೀವು ಆರಾಮಾಗಿ ತಿನ್ನಿ" ಎಂದು ಮಗುವನ್ನು ಎತ್ತಿಕೊಂಡೇಬಿಟ್ಟರು. ಗುರುತಿಲ್ಲ, ಪರಿಚಯವಿಲ್ಲ. (ನಮ್ಮ ಕಡೆ ಇದಕ್ಕೆಲ್ಲ ಯಾರೂ ಪರ್ಮಿಶನ್ ಕೇಳುವುದಿಲ್ಲ. ಹೋಟೆಲಿನಲ್ಲಿ ಬೇರೆಯವರ ಪೇಪರ್ ಕಂಡರೆ ಎತ್ತಿಕೊಂಡು ಓದುತ್ತೇವಲ್ಲ, ಬೇರೆಯವರ ಮಗುವೂ ಹಾಗೆಯೇ.) ಎತ್ತಿಕೊಂಡವರು ಅಭ್ಯಾಸದಂತೆ ಬೆನ್ನು ತಟ್ಟಿದರು.

ಟಕ್.

ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ತಟ್ಟಿದರು. ಟಕ್ ಟಕ್.

"ಇದೆಂತ ಇದು, ಗಟ್ಟಿ ಇದ್ಯಲ್ಲ?"

"ಪ್ಲಾಸ್ಟರ್" ಎಂದೆ.

"ಬಿದ್ದಿತ್ತಾ ಮಗು?"

"ಇಲ್ಲ. ಬೆನ್ನುಮೂಳೆ ಒಂದು ಕಡೆಗೆ ಬಾಗಿದೆ. ಸ್ಕೋಲಿಯೋಸಿಸ್ ಅಂತಾರೆ. ನೆಟ್ಟಗೆ ಮಾಡಲಿಕ್ಕೆ ಪ್ಲಾಸ್ಟರ್ ಹಾಕಿದಾರೆ."

ಅವರು ಮಗುವನ್ನು ಮೆಲ್ಲಗೆ ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ಹೋಗಲಿಲ್ಲ. ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಬಸುರೀಲಿದ್ದಾಗ ಗ್ರಹಣ ಏನಾದ್ರೂ ನೋಡಿದ್ರಾ?"

"ಇಲ್ಲ. ನಿಮಗೆ ಚಟ್ನಿ ಬೇಕಿತ್ತಾ?" ಎಂದೆ. ಟೇಬಲಿನ ಕೆಳಗೆ ನನ್ನ ಗಂಡ ಕಾಲು ತುಳಿದರು. ಆ ಹೆಂಗಸು ಮುಖ ಸಣ್ಣ ಮಾಡಿಕೊಂಡು ಹೋದರು. ಪಾಪ, ಅವರದೇನೂ ತಪ್ಪಿಲ್ಲ. ನಾನು ಬೇರೆ ಯಾರ ಮೇಲೋ ಇದ್ದ ಸಿಟ್ಟನ್ನು ಅವರ ತಟ್ಟೆಗೆ ಬಡಿಸಿದ್ದೆ. ಯಾರ ಮೇಲಿನ ಸಿಟ್ಟು ಎನ್ನುವುದಕ್ಕೇ ಈ ವಾರದ ಅಂಕಣ.

ಮೊದಲು ರೋಗದ ವಿಷಯ. ನಿಮಗೆಲ್ಲ ಗೊತ್ತಿರಬೇಕೆಂದೇನೂ ಇಲ್ಲ. ಐದು ತಿಂಗಳ ಹಿಂದೆ ನನಗೂ ಪುಸ್ತಕದಲ್ಲಿ ಓದಿದ್ದಷ್ಟೇ ಗೊತ್ತಿತ್ತು. (ಹಳೆಯ ಓದುಗರಿಗೆ ಹೇಳಬೇಕಾಗಿಲ್ಲ, ನಾನು ಸಾಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ವರ್ಷವರ್ಷವೂ ಸೆಕೆಂಡ್ ಇಯರ್ ಹುಡುಗರಿಗೆ ಬೆನ್ನುಮೂಳೆಯ ಚಾಪ್ಟರ್ ಮಾಡುತ್ತೇನೆ. ಬೋರ್ಡಿನ ಮೇಲೆ ಎಷ್ಟು ನೆಟ್ಟಗೆ ಬರೆಯುತ್ತೇನೆ ಗೊತ್ತಾ?) ಕೆಲವು ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಲು ಶುರುವಾಗುತ್ತದೆ. ಯಾಕೆ? ಹೆಚ್ಚಿನ ಸಲ ಡಾಕ್ಟರಿಗೂ ಗೊತ್ತಿಲ್ಲ. ಕೆಲವರಿಗೆ ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಬಾಗುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ಪಕ್ಕೆಲುಬು ತಿರುಚಿಕೊಂಡು, ಮುಂದೆ ಶ್ವಾಸಕೋಶ ಬೆಳೆಯಲಿಕ್ಕೇ ಜಾಗ ಸಾಲದೆ ಹೋಗಬಹುದು.

ಇಳಾಳದ್ದು ಬಾಗುತ್ತಾ ಹೋದ ಜಾತಿ.

ಅವಳಿಗೆ ಹತ್ತು ತಿಂಗಳಾದಾಗ ಜ್ವರ ಬಂತೆಂದು ಸಾಗರದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಜ್ವರ ನೋಡಿ, ಸಿರಪ್ ಬರೆದು, ಇನ್ನೇನು ಎದ್ದೆವು ಅನ್ನುವಾಗ ಅವರು "ಒಂದು ನಿಮಿಷ, ಅಂಗಿ ಬಿಚ್ಚಿ ಕೂರಿಸಿ" ಎಂದರು. ಕೂರಿಸಿದೆವು. ಬೆನ್ನ ಮೇಲೆ ಬೆರಳು ಎಳೆದರು. ಮತ್ತೆ ಎಳೆದರು. 

ಎಕ್ಸ್-ರೇ ಬಂತು. ನಲವತ್ತೆರಡು ಡಿಗ್ರಿ.

ನನ್ನ ಗಂಡ ಸರ್ವೇಯರ್. ಬೇರೆಯವರ ಜಮೀನಿನ ಗಡಿಗೆ ಸರಪಳಿ ಹಿಡಿದು ಬದುಕುವವರು. ಮನೆಗೆ ಬಂದವರೇ ಎಕ್ಸ್-ರೇಯನ್ನು ಕಿಟಕಿ ಗಾಜಿಗೆ ಅಂಟಿಸಿ, ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಪ್ರೊಟ್ರಾಕ್ಟರ್ ಇಟ್ಟು ಅಳೆದರು. ನಲವತ್ತೆರಡು. ಒರೆಸಿ ಮತ್ತೆ ಎಳೆದರು. ನಲವತ್ತಮೂರು. ಮತ್ತೆ ನಲವತ್ತೆರಡು. ಅದೊಂದು ವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಅಳೆಯುತ್ತಿದ್ದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಸಲ ತನ್ನ ಅಳತೆ ತಪ್ಪಾಗಲಿ ಎಂದು ಅವರು ಬೇಡಿಕೊಂಡಿದ್ದು ಆಗ. ನಾನು ನೋಡಿಯೂ ನೋಡದ ಹಾಗೆ ಒಳಗೆ ಬಟ್ಟೆ ಮಡಚುತ್ತಿದ್ದೆ.

ಆಮೇಲೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಆಗುಂಬೆ, ಇಳಿದರೆ ಕೆಳಗೆ. ಅಲ್ಲಿಯ ಬೆನ್ನುಮೂಳೆ ಡಾಕ್ಟರು ಒಳ್ಳೆಯ ಮನುಷ್ಯ. ಪ್ಲಾಸ್ಟರ್ ಹಾಕುತ್ತೇವೆ ಎಂದರು. ಮಗುವಿಗೆ ಅರಿವಳಿಕೆ ಕೊಟ್ಟು, ಒಂದು ಚೌಕಟ್ಟಿನ ಮೇಲೆ ಮಲಗಿಸಿ, ಬೆನ್ನನ್ನು ಎಷ್ಟು ಆಗುತ್ತದೋ ಅಷ್ಟು ನೆಟ್ಟಗೆ ಹಿಡಿದು, ಕಂಕುಳಿನಿಂದ ಸೊಂಟದವರೆಗೆ ಪ್ಲಾಸ್ಟರ್. ಹೊಟ್ಟೆಯ ಹತ್ತಿರ ಒಂದು ಕಿಂಡಿ. (ಊಟ ಮಾಡಿದರೆ ಹೊಟ್ಟೆ ಉಬ್ಬಲು ಜಾಗ ಬೇಕಲ್ಲ.) ಎರಡು ಮೂರು ತಿಂಗಳಿಗೊಮ್ಮೆ ಒಡೆದು ಹೊಸದು. ಎಷ್ಟು ಸಲ? ಬೆನ್ನು ಹೇಳುವಷ್ಟು ಸಲ. ಅಷ್ಟು ದಿನ ಮಗುವಿಗೆ ಸ್ನಾನವಿಲ್ಲ.

"ಸರಿಹೋಗುತ್ತಾ ಡಾಕ್ಟ್ರೇ?" ಎಂದು ನನ್ನ ಗಂಡ ಕೇಳಿದರು.

"ನೋಡುವ. ಗ್ಯಾರಂಟಿ ಕೊಡಲಿಕ್ಕೆ ಆಗುವುದಿಲ್ಲ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಬೆನ್ನು ಬಾಗಿದ್ದು ಸ್ವಲ್ಪವೇ ಇದ್ದಾಗ ಸಿಕ್ಕಿದರೆ ಇನ್ನೂ ಒಳ್ಳೆಯದು." ಫೈಲ್ ತಿರುಗಿಸುತ್ತಾ ಕೇಳಿದರು. "ಹತ್ತು ತಿಂಗಳಿಗೆ ಗೊತ್ತಾದದ್ದಾ? ಅದಕ್ಕಿಂತ ಮುಂಚೆ ಮನೆಯಲ್ಲಿ ಯಾರಿಗೂ ಕಾಣಲಿಲ್ವಾ?"

"ಇಲ್ಲ ಡಾಕ್ಟ್ರೇ" ಎಂದೆ.

ಅದು ಸುಳ್ಳು.

ಈಗ ಚೌಡಮ್ಮನ ವಿಷಯ ಹೇಳಬೇಕು. ನಿಮ್ಮಲ್ಲಿ ಹಲವರಿಗೆ ಅವರ ಪರಿಚಯ ಉಂಟು. ಹೆಸರು ಗೊತ್ತಿರಲಿಕ್ಕಿಲ್ಲ, ನಾನು ಹೆಸರು ಬರೆದಿರಲಿಲ್ಲ. ವರ್ಷದ ಹಿಂದೆ ಇದೇ ಜಾಗದಲ್ಲಿ 'ಬಚ್ಚಲ ಮನೆಯ ಆರ್ಥೋಪೆಡಿಕ್' ಎಂದು ನಾನೊಂದು ಅಂಕಣ ಬರೆದಿದ್ದೆ. ಕೂಸು ಮೀಯಿಸಲು ಬರುವ ಹೆಂಗಸಿನ ಬಗ್ಗೆ. ಮೂಗು ಎಳೆದು ನೆಟ್ಟಗೆ ಮಾಡುವುದು, ತಲೆ ಒತ್ತಿ ದುಂಡಗೆ ಮಾಡುವುದು, ಕೈಕಾಲು ಹಿಡಿದು ಅಳತೆ ನೋಡುವುದು, ಅದೆಲ್ಲ. ನೀವು ಓದಿದ್ದೀರಿ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು ಎಂದು ಮೆಸೇಜ್ ಹಾಕಿದ್ದೀರಿ. ಫ್ಯಾಮಿಲಿ ಗ್ರೂಪುಗಳಿಗೆ ಫಾರ್ವರ್ಡ್ ಮಾಡಿದ್ದೀರಿ. ನನ್ನ ಅಂಕಣಗಳಲ್ಲೇ ಅಷ್ಟು ಓಡಿದ್ದು ಬೇರೆ ಇಲ್ಲ.

ಆ ಹೆಂಗಸೇ ಚೌಡಮ್ಮ.

ನನ್ನ ತವರು ತೀರ್ಥಹಳ್ಳಿ. ಚೊಚ್ಚಲ ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ಚೌಡಮ್ಮ ಅರಳಸುರಳಿ ಕಡೆಯಿಂದ ಬೆಳಿಗ್ಗೆ ಎಂಟರ ಬಸ್ಸಿಗೆ ಬರುತ್ತಿದ್ದರು. ಅರವತ್ತರ ಮೇಲೆ ವಯಸ್ಸು. ನಮ್ಮ ಬೀದಿಯಲ್ಲೇ ಎರಡು ತಲೆಮಾರಿನ ಮಕ್ಕಳನ್ನು ಮೀಯಿಸಿದವರು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು, ಸೀದಾ ಬಚ್ಚಲಿಗೆ ಹೋಗಿ, ಹಾಗೇ ಹಿತ್ತಿಲಿನಿಂದ ಹೊರಗೆ. ಕಾಫಿ ಹಿತ್ತಿಲ ಕಟ್ಟೆಯ ಮೇಲೆ, ಬೇರೆ ಲೋಟದಲ್ಲಿ. (ಹೌದು, ಈಗಲೂ. ನೀವೇನು ಹುಬ್ಬೇರಿಸಬೇಡಿ, ನಿಮ್ಮ ಹಿತ್ತಿಲನ್ನೂ ನಾನು ನೋಡಿದ್ದೇನೆ.) ನಮ್ಮ ಮನೆಯ ಅತಿ ಎಳೆಯ ಜೀವವನ್ನು ಅವರ ಕೈಗೆ ಕೊಡುತ್ತಿದ್ದೆವು. ಅಡುಗೆಮನೆಯ ಹೊಸ್ತಿಲು ಮಾತ್ರ ಕೊಡುತ್ತಿರಲಿಲ್ಲ.

ಮೀಯಿಸುವವರು ಕೂಸನ್ನು ಹೇಗೆ ಮಲಗಿಸಿಕೊಳ್ಳುತ್ತಾರೆ, ನೋಡಿದ್ದೀರಲ್ಲ? ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕಾಲಿನ ಮೇಲೆ ಕೂಸು. ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಕೊನೆಗೊಂದು ಕೆಲಸ ಇದೆ. ಕೂಸಿನ ಬಲಗೈ ಮೊಣಕೈಯನ್ನೂ ಎಡಗಾಲಿನ ಮಂಡಿಯನ್ನೂ ಹೊಟ್ಟೆಯ ಮೇಲೆ ತಂದು ಕೂಡಿಸುವುದು. ಆಮೇಲೆ ಎಡಗೈ, ಬಲಗಾಲು. ಮಗುವನ್ನು ಬೋರಲು ಹಾಕಿ ಬೆನ್ನಿನ ಮೇಲೂ ಹಾಗೇ, ಕೈ ಹಿಂದಕ್ಕೆ, ಹಿಮ್ಮಡಿ ಮೇಲಕ್ಕೆ. ಎರಡೂ ಕಡೆ ಸಮ ಕೂಡಿತು ಅಂದರೆ "ಕೂಡಿ ಬಂತು" ಎಂದು ಹೇಳಿ ಕೊನೆಯ ಚೊಂಬು ನೀರು ಹುಯ್ಯುತ್ತಾರೆ. ಚೌಡಮ್ಮ ಇದನ್ನು ದಿನಾ ಮಾಡುತ್ತಿದ್ದರು. ದಿನಾ "ಕೂಡಿ ಬಂತು" ಎನ್ನುತ್ತಿದ್ದರು.

ಇಳಾಳಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ದಿನ ಹಾಗೆನ್ನಲಿಲ್ಲ.

"ಸಣ್ಣಮ್ಮ, ಇಲ್ಲಿ ನೋಡಿ. ಈ ಕಡೆ ಕೂಡ್ತದೆ. ಆ ಕಡೆ ಕೂಡೂದಿಲ್ಲ. ಒಂದ್ ಬೆರಳು ಕಮ್ಮಿ ಬರ್ತದೆ."

ನಾನು ಬಾಗಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದೆ. ನೋಡಿದೆ. ನನಗೇನೂ ಕಾಣಲಿಲ್ಲ. ಎಣ್ಣೆ ಹಚ್ಚಿಕೊಂಡು ಕೆಂಪಗಾಗಿ ಕಿರುಚುತ್ತಿರುವ ಮಗು ಕಂಡಿತು. ಚಿಕ್ಕ ಮಕ್ಕಳಿಗೆ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಬಹಳಷ್ಟು ಕಾರ್ಟಿಲೇಜ್ ಇರುತ್ತದೆ, ಅದಕ್ಕೇ ಹೀಗೆ ಎಂದು ಐದು ನಿಮಿಷ ಪಾಠ ಮಾಡಿದೆ. ಚೌಡಮ್ಮ ಪೂರ್ತಿ ಕೇಳಿಸಿಕೊಂಡು "ಹೌದಾ" ಎಂದರು.

ಹದಿನೈದು ದಿನ ಬಿಟ್ಟು ಮತ್ತೆ ಹೇಳಿದರು. ಈ ಸಲ ಅಮ್ಮನೂ ಅಲ್ಲಿದ್ದಳು.

"ಬೋರಲು ಹಾಕಿದ್ರೆ ಬೆನ್ನು ಒಂದ್ ಬದೀಗೆ ಎದ್ದು ಕಾಣ್ತದೆ ಅಮ್ಮಾರೆ. ನಾ ಎಷ್ಟು ಮಕ್ಕಳನ್ನ ಮೀಸಿದೀನಿ, ಹಿಂಗೆ ಕಂಡಿಲ್ಲ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ."

"ನೀರು ಹುಯ್ಯುವಾಗ ಒಳ್ಳೇ ಮಾತಾಡು ಚೌಡಿ. ಎಳೇ ಕೂಸಿಗೆ ಬಾಯಿಮಾತು ತಾಗ್ತದೆ" ಎಂದಳು ಅಮ್ಮ. ಒಳಗೆ ಹೋಗಿ ಉಪ್ಪು ಮೆಣಸು ತಂದು ದೃಷ್ಟಿ ತೆಗೆದಳು.

ಗಮನಿಸಿ. ಓದುಬರಹ ಬಾರದ ಹೆಂಗಸು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದಾರೆ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ರಿಟೈರ್ ಆದ ನನ್ನ ಅಮ್ಮ ಉಪ್ಪು ಮೆಣಸು ಒಲೆಗೆ ಹಾಕುತ್ತಿದ್ದಾಳೆ. ಎಂ.ಎಸ್ಸಿ. ಮಾಡಿದ ನಾನು ಮೊಬೈಲಿನಲ್ಲಿ 'ಬೇಬಿ ಮಸಾಜ್ ಮಿಥ್ಸ್' ಎಂದು ಹುಡುಕುತ್ತಿದ್ದೇನೆ. ಅಂಕಣಕ್ಕೆ ಸರಕು ಸಿಕ್ಕಿತ್ತಲ್ಲ.

ಆಗ ವ್ಯಾಕ್ಸಿನ್‌ಗೆ ಕರೆದುಕೊಂಡು ಹೋಗುತ್ತಿರಲಿಲ್ಲವಾ, ಡಾಕ್ಟರು ನೋಡುತ್ತಿರಲಿಲ್ಲವಾ ಎಂದು ನೀವು ಕೇಳಬಹುದು. ಹೋಗುತ್ತಿದ್ದೆವು. ಮಗುವನ್ನು ಟೋಪಿ, ಸ್ವೆಟರ್, ಸಾಕ್ಸ್, ಮೇಲೊಂದು ಶಾಲಿನಲ್ಲಿ ಕಟ್ಟಿಕೊಂಡು ಹೋಗಿ, ತೊಡೆಯಷ್ಟೇ ಬಿಚ್ಚಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದೆವು. ಶೀತ ಆಗಬಾರದಲ್ಲ. ನನ್ನ ಮಗಳ ಬರಿಯ ಬೆನ್ನನ್ನು ದಿನವೂ ಬೆಳಕಿನಲ್ಲಿ ನೋಡುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬರೇ. ಆ ಒಬ್ಬರು ಹೇಳುತ್ತಿದ್ದರು.

ಮೂರನೆಯ ಸಲ ಹೇಳಿದ್ದು ಮೂರೂವರೆ ತಿಂಗಳಿಗೆ. ಅಂದು ಅತ್ತೆ ಮೊಮ್ಮಗಳನ್ನು ನೋಡಲು ಸಾಗರದಿಂದ ಬಂದು ಜಗುಲಿಯಲ್ಲಿ ಕೂತಿದ್ದರು. (ಅತ್ತೆ ಹೆಗ್ಗೋಡಿನ ಕಡೆಯವರು, ಮಾತು ಕಡಿಮೆ, ಆಡಿದರೆ ತೂಕದ್ದು.) ಚೌಡಮ್ಮ ಬಚ್ಚಲಿನಿಂದಲೇ "ಇವತ್ತು ಎರಡು ಬೆರಳು ಕಮ್ಮಿ ಬಂತು" ಎಂದರು. ಬೀಗಿತ್ತಿಯ ಎದುರು. ಅಮ್ಮನಿಗೆ ಅದು ಸಾಕಾಯಿತು. ಗಂಡನ ಮನೆಯವರ ಎದುರು ಕೂಸಿಗೆ ಐಬು ಹೇಳುತ್ತಾಳಲ್ಲ ಎಂದು ಕೂಗಾಡಿದಳು. ನಾಳೆಯಿಂದ ಬರುವುದು ಬೇಡ ಎಂದಳು. ಚೌಡಮ್ಮ ಮಗುವಿನ ತಲೆ ಒರೆಸಿ, ಶಾಲಿನಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟು ಹೋದರು.

ನಾನು ಏನು ಮಾಡಿದೆ? ಆ ವಾರದ ಅಂಕಣ ಬರೆದೆ. ಅದೇ, ನೀವು ನಕ್ಕಿದ್ದು. 'ಇಂದು ಒಂದು ಬೆರಳು ಕಮ್ಮಿ, ನಾಳೆ ಎರಡು ಬೆರಳು ಕಮ್ಮಿ, ಹೀಗೇ ಹೋದರೆ ತಿಂಗಳ ಕೊನೆಗೆ ನನ್ನ ಮಗಳಿಗೆ ಬೆರಳೇ ಉಳಿಯುವುದಿಲ್ಲ' ಎಂದು ಬರೆದಿದ್ದೆ. ನೆನಪಿದೆಯಾ? ಆ ಸಾಲನ್ನು ಬಹಳ ಜನ ಮೆಚ್ಚಿಕೊಂಡಿದ್ದರು.

ಮೂರೂವರೆಯಿಂದ ಹತ್ತು. ಆರೂವರೆ ತಿಂಗಳು ಹೋಯಿತು.

ನಾನು ಡಾಕ್ಟರಿಗೆ ಹೇಳಿದ ಸುಳ್ಳಿಗಿಂತ ದೊಡ್ಡದು ಅದರ ನಂತರ ಶುರುವಾಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಎರಡನೇ ದಿನ ಅತ್ತೆ ನನ್ನ ಅಮ್ಮನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ನಾನು ಅಲ್ಲೇ ಮಗುವಿಗೆ ರಾಗಿಸರಿ ತಿನ್ನಿಸುತ್ತಿದ್ದೆ.

"ಎಂಗಳ ಮನೆ ಬದಿಗೆ ಯಾರಿಗೂ ಹಿಂಗಿದ್ದು ಇಲ್ಲೆ. ಬಾಣಂತನದಲ್ಲೇ ಎಂತೋ ಆಯ್ದು ಕಾಣ್ತು" ಎಂದರು ಅತ್ತೆ.

ನನಗೆ ಅಮ್ಮನ ಕಷ್ಟ ಅರ್ಥವಾಯಿತು. ಬಾಣಂತನದ ದೂರು ತವರಿನ ತಲೆಗೆ ಬಂದರೆ ಅದನ್ನು ಸಾಯುವವರೆಗೂ ಹೊರಬೇಕು. ಅಮ್ಮ ಹೊರಲಿಲ್ಲ. ಕೆಳಗೆ ದಾಟಿಸಿದಳು.

"ನಾವೆಂತ ಮಾಡಿದ್ದೀವಿ? ಆ ಚೌಡಿನೇ ಇರ್ಬೇಕು. ಕೈಕಾಲು ಹಿಡಿದು ಎಳೆಯೂದು ಹೆಚ್ಚಾಗಿತ್ತು ಅವಳದ್ದು. ಅದಕ್ಕೇ ಅಲ್ವಾ ನಾನು ಬಿಡಿಸಿದ್ದು?"

"ಹೌದು, ನಾನೂ ಕಂಡಿದ್ದೆ. ಎಳೆದು ಎಳೆದು ಮೀಸ್ತಿತ್ತು ಅದು" ಎಂದರು ಅತ್ತೆ. ಅತ್ತೆ ಜಗುಲಿಯಿಂದ ಬಚ್ಚಲಿನ ಕಡೆಗೆ ಒಂದು ದಿನವೂ ಹೋದವರಲ್ಲ.

ನಮ್ಮ ಎರಡು ಮನೆಗಳು ಮದುವೆಯ ಊಟದ ಮೆನುವಿನಿಂದ ಹಿಡಿದು ಮಗುವಿನ ಹೆಸರಿನವರೆಗೆ ಒಂದು ವಿಷಯಕ್ಕೂ ಒಪ್ಪಿದ್ದಿಲ್ಲ. ಇದಕ್ಕೆ ಎರಡು ನಿಮಿಷದಲ್ಲಿ ಒಪ್ಪಿದವು. ಡಾಕ್ಟರು ನನ್ನ ಮುಖ ನೋಡಿ ಸ್ಪಷ್ಟವಾಗಿ ಹೇಳಿದ್ದರು, ಇದು ಎತ್ತಿಕೊಂಡದ್ದರಿಂದ, ಮಲಗಿಸಿದ್ದರಿಂದ, ಮಸಾಜ್ ಮಾಡಿದ್ದರಿಂದ ಬಂದದ್ದಲ್ಲ, ಯಾರ ತಪ್ಪೂ ಅಲ್ಲ ಎಂದು. ಅದನ್ನು ಫೋನಿನಲ್ಲಿ ಹೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು? ಬಾಯಿ ಇತ್ತು. ಮಾತು ಬರುತ್ತಿತ್ತು. ಮಾತಿನಲ್ಲೇ ಅಲ್ಲವಾ ನಾನು ಬದುಕುವುದು?

ಸುಮ್ಮನಿದ್ದೆ. ಯಾಕೆ ಎಂದು ಅಂದಿನಿಂದ ಕೇಳಿಕೊಂಡಿದ್ದೇನೆ. ಉತ್ತರ ಬಹಳ ಸಣ್ಣದು. ಚೌಡಮ್ಮನ ಕೈಯಿಂದ ಆಗಿದ್ದರೆ ಅದು ನನ್ನ ಆರೂವರೆ ತಿಂಗಳಿನಿಂದ ಆಗಿದ್ದಲ್ಲ. ನಾನು ಸ್ವಲ್ಪ ನಿದ್ದೆ ಮಾಡಬಹುದಿತ್ತು. ಮಾಡಿದೆ ಕೂಡ.

ಮಾತು ತೀರ್ಥಹಳ್ಳಿ ಪೂರ್ತಿ ಹರಡಲು ಒಂದು ವಾರ ಸಾಕಾಯಿತು. ಎಳೆದು ಎಳೆದು ಕೂಸಿನ ಬೆನ್ನು ಮುರಿದಳಂತೆ. ಪ್ಲಾಸ್ಟರ್ ಹಾಕಿದಾರಂತೆ. 'ಪೇಪರಿನವರ ಮಗಳಿಗೇ ಹಿಂಗಾಯ್ತು ನೋಡಿ' ಎಂದು ಸಾಕ್ಷಿಗೆ ನನ್ನನ್ನೇ ಇಟ್ಟರು. ಚೌಡಮ್ಮನನ್ನು ನಮ್ಮ ಬೀದಿಯಲ್ಲಿ ಕರೆಯುವುದು ನಿಲ್ಲಿಸಿದರು. ಇದೆಲ್ಲ ಅಮ್ಮನೇ ಫೋನಿನಲ್ಲಿ ಹೇಳಿದ್ದು, ಅದೂ ಸಮಾಧಾನದ ದನಿಯಲ್ಲಿ, ಯಾವುದೋ ಕೇಸು ಗೆದ್ದವರ ಹಾಗೆ.

ಕಳೆದ ಶನಿವಾರ ಎರಡನೆಯ ಪ್ಲಾಸ್ಟರ್ ಹಾಕಿಸಿಕೊಂಡು ಘಟ್ಟ ಹತ್ತಿ ಬರುತ್ತಿದ್ದೆವು. ಹಳೆಯದನ್ನು ಒಡೆದಾಗ ಎಕ್ಸ್-ರೇ ತೆಗೆದಿದ್ದರು. ಮೂವತ್ತಾರು. ನಲವತ್ತೆರಡರಿಂದ ಮೂವತ್ತಾರಕ್ಕೆ ಇಳಿದಿದೆ ಎಂದು ನನ್ನ ಗಂಡ ಖುಷಿಯಲ್ಲಿದ್ದರು. ಡಾಕ್ಟರು ಅಷ್ಟು ಖುಷಿಯಲ್ಲಿರಲಿಲ್ಲ. "ಇನ್ನೂ ಸ್ವಲ್ಪ ಹೆಚ್ಚು ಇಳಿಯುತ್ತದೆ ಅಂದುಕೊಂಡಿದ್ದೆ. ನೋಡುವ" ಎಂದಿದ್ದರು. ಆ 'ನೋಡುವ' ನನ್ನ ಕಿವಿಯಲ್ಲೇ ಕೂತಿತ್ತು. ಆಗುಂಬೆ ದಾಟಿತು. ತೀರ್ಥಹಳ್ಳಿ ಬರುವ ಹೊತ್ತಿಗೆ, ಅರಳಸುರಳಿ ರಸ್ತೆಗೆ ಕಾರು ತಿರುಗಿಸಿ ಎಂದೆ.

"ಯಾಕೆ?"

ಹೇಳಿದೆ. ಮೊದಲಿನಿಂದ, ಬೆರಳಿನ ಲೆಕ್ಕವನ್ನೂ ಸೇರಿಸಿ. ಅಂಕಣದಲ್ಲಿ ತಮಾಷೆಯಾಗಿ ಓದಿದ್ದು ನಿಜವೆಂದು ಅದುವರೆಗೆ ಅವರಿಗೆ ಗೊತ್ತಿರಲಿಲ್ಲ. ಕಾರು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಸ್ಟೇರಿಂಗ್ ಹಿಡಿದುಕೊಂಡೇ ಕೂತರು.

"ಮೂರು ಸಲನಾ?" ಎಂದರು.

"ಹೂಂ."

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಗೇರ್ ಹಾಕಿ ಕಾರು ತಿರುಗಿಸಿದರು.

ಚೌಡಮ್ಮ ಮನೆಯ ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಹಿಡಿಕಡ್ಡಿ ಪೊರಕೆ ಕಟ್ಟುತ್ತಿದ್ದರು. ನಮ್ಮನ್ನು ಕಂಡು ಎದ್ದರು. ಕತ್ತಿ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. "ಬನ್ನಿ" ಎಂದರು, ನಗಲಿಲ್ಲ. ಇಳಾಳನ್ನು ನೋಡಿ ಕೈ ಚಾಚಿದರು. ಇಳಾ ಅಪರಿಚಿತರನ್ನು ಕಂಡರೆ ಅಳುತ್ತಾಳೆ, ಅವರ ಹತ್ತಿರ ಹೋದಳು.

ಬೆನ್ನಿನ ಮೇಲೆ ಕೈಯಿಟ್ಟರು. ತಟ್ಟಲಿಲ್ಲ. ಪ್ಲಾಸ್ಟರಿನ ಅಂಚಿನೊಳಗೆ ಒಂದು ಬೆರಳು ಹಾಕಿ ಚರ್ಮ ಮುಟ್ಟಿ ನೋಡಿದರು.

"ಒಳಗೆ ತುರಿಸೂದಿಲ್ವಾ ಇದಕ್ಕೆ?"

ಐದು ತಿಂಗಳಲ್ಲಿ ಎಷ್ಟು ಜನ ಎಷ್ಟು ಪ್ರಶ್ನೆ ಕೇಳಿದ್ದಾರೆ. ಗ್ರಹಣ, ಸಂಬಂಧದಲ್ಲಿ ಮದುವೆಯಾ, ಮಾತ್ರೆ ನುಂಗಿದ್ರಾ, ಸ್ಕೂಟಿ ಓಡಿಸಿದ್ರಾ, ನಾಗರಕ್ಕೆ ಹರಕೆ ಹೇಳಿಕೊಂಡಿದ್ರಾ. ಎಲ್ಲವೂ ನಾನು ಏನು ಮಾಡಿದೆ ಎಂಬ ಬಗ್ಗೆ. ಮಗುವಿಗೆ ಹೇಗಾಗುತ್ತದೆ ಎಂದು ಕೇಳಿದ್ದು ಇವರೇ ಮೊದಲು. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಅಂಗಳದಲ್ಲಿ ನಿಂತು ಅತ್ತುಬಿಟ್ಟೆ.

"ತುರಿಸುತ್ತದೆ. ಅಂಚಿನಲ್ಲಿ ಕೈ ಹಾಕಿಕೊಂಡು ಕೆರೀತಾಳೆ, ಸಿಕ್ಕದಿದ್ದರೆ ಅಳ್ತಾಳೆ" ಎಂದೆ. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ. "ನಿಮ್ಮ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ನಿಮ್ಮ ಮೇಲೆ ಹೇಳಿದಾಗ್ಲೂ ನಾನು ಬಾಯಿ ಬಿಡಲಿಲ್ಲ. ತಪ್ಪಾಯ್ತು."

ಇಲ್ಲಿ ಅವರು 'ಹೋಗ್ಲಿ ಬಿಡಿ ಸಣ್ಣಮ್ಮ' ಎನ್ನುತ್ತಾರೆ, ನನ್ನ ತಲೆ ಸವರುತ್ತಾರೆ, ನಾನು ಹಗುರಾಗಿ ಮನೆಗೆ ಬರುತ್ತೇನೆ. ಅಲ್ಲವಾ? ಇಂಥ ಅಂಕಣಗಳಲ್ಲಿ ಹಾಗೇ ಆಗುತ್ತದೆ. ನಾನೇ ಬರೆದಿದ್ದೇನೆ ಅಂಥವನ್ನು.

ಚೌಡಮ್ಮ ಇಳಾಳನ್ನು ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಕೋಳಿ ತೋರಿಸಿದರು. ತಂದು ನನ್ನ ಕೈಗೆ ಕೊಟ್ಟರು.

"ಪೇಪರಲ್ಲಿ ನನ್ನ ವಿಷಯ ಬರ್ದಿದ್ರಂತಲ್ಲ. ಸೊಸೆ ಓದಿ ಹೇಳಿದ್ಲು. ನಕ್ಕಿದ್ವಿ ನಾವೂ" ಎಂದರು. ಇಳಾಳ ಅಂಗಿಯ ಮಡಿಕೆ ಸರಿಮಾಡಿ, "ಅವತ್ತು ನಗು ಬಂತು" ಎಂದರು.

ನಾನು ಕೇಳಿದೆ. "ಈಗ ಕೆಲಸ ಹ್ಯಾಂಗೆ? ಕರೀತಾರಾ?"

"ನಿಮ್ಮ ಬೀದೀಲಿ ಇಲ್ಲ. ಆಚೆ ಕಡೆ ನಾಲ್ಕು ಮನೆ ಇದೆ. ಮೀಸೋರು ಬೇರೆ ಯಾರಿದಾರೆ ಈಗ? ಕರೀಲೇಬೇಕು."

"ಮಕ್ಕಳೆಲ್ಲ ಚೆನ್ನಾಗಿದಾರಾ?"

ಸುಮ್ಮನೆ ಕೇಳಿದ್ದು, ಮಾತಿಗೆ. ಅವರು ಕೂತು ಮತ್ತೆ ಗರಿ ಕೈಗೆ ತೆಗೆದುಕೊಂಡರು. ಒಂದು ಕಡ್ಡಿ ಸೀಳಿದರು.

"ಒಂದು ಕೂಸಿಗೆ ಕಾಲು ಅಗಲ ಮಾಡಿದ್ರೆ ಒಂದ್ ಬದಿ ಬರೂದಿಲ್ಲ. ಸೊಂಟದ ಹತ್ರ ಕಟ್ ಅಂತದೆ."

ಸೊಂಟದ ಕೀಲು ಜಾರಿದ್ದರೆ ಹಾಗಾಗಬಹುದು ಎಂದು ಮಕ್ಕಳ ಮೂಳೆಯ ವಾರ್ಡಿನ ಗೋಡೆಯ ಮೇಲೆ ಚಿತ್ರ ಸಮೇತ ಬರೆದು ಹಾಕಿದ್ದಾರೆ. ಎಳೆಯದರಲ್ಲಿ ಗೊತ್ತಾದರೆ ಬರೀ ಒಂದು ಪಟ್ಟಿ ಕಟ್ಟಿ ಸರಿಮಾಡಬಹುದಂತೆ. ತಡವಾದರೆ ಆಪರೇಷನ್. ಎರಡು ಸಲ ಅಲ್ಲಿ ಕಾಯುತ್ತಾ ಕೂತು ಆ ಗೋಡೆ ನನಗೆ ಬಾಯಿಪಾಠವಾಗಿದೆ.

"ಆ ಮನೆಯವರಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

ಚೌಡಮ್ಮ ಕತ್ತೆತ್ತಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಪಾಠ ಕಲಿತವರ ಮುಖ ಅದು, ನನ್ನ ಕ್ಲಾಸಿನಲ್ಲಿ ದಿನಾ ನೋಡುತ್ತೇನೆ.

"ನೀರು ಹುಯ್ಯೂದಷ್ಟೇ ನನ್ನ ಕೆಲಸ. ಇನ್ನು ನಾನು ಯಾರ ಮನೇಲೂ ಎಂತದೂ ಹೇಳೂದಿಲ್ಲ."

ಯಾವ ಮನೆ ಎಂದು ಕೇಳಿದೆ. ಹೇಳಲಿಲ್ಲ. ನಾನು ಹೋಗಿ ಹೇಳುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ ಎಂದೆ. "ನೀವು ಹೆಸರು ಎತ್ತದೇ ಬರ್ದಿದ್ದೂ ಊರಿಗೆಲ್ಲ ಗೊತ್ತಾಗಿತ್ತಲ್ಲ" ಎಂದರು. ನನ್ನ ಗಂಡ ಕೈ ಮುಗಿದು ಕೇಳಿದರು. ಕಡ್ಡಿ ಸೀಳುತ್ತಲೇ ಇದ್ದರು. ಗಂಡು ಕೂಸೋ ಹೆಣ್ಣು ಕೂಸೋ, ಅದನ್ನೂ ಹೇಳಲಿಲ್ಲ.

ಅಲ್ಲಿಂದ ಹೊರಟು ಹೊಸನಗರ. ಆಮೇಲೆ ಹೋಟೆಲು, ದೋಸೆ, ಆ ಹೆಂಗಸು, ಚಟ್ನಿ.

ಅಮ್ಮನಿಗೆ ಭಾನುವಾರ ಫೋನ್ ಮಾಡಿ, ಬೀದಿಯಲ್ಲಿ ಎಲ್ಲರಿಗೂ ನಿಜ ಹೇಳು ಎಂದೆ. "ಈಗ ಹೇಳಿದ್ರೆ ನನ್ನ ಮರ್ಯಾದೆ ಏನಾಗ್ತದೆ?" ಎಂದಳು. ಅತ್ತೆಗೂ ಹೇಳಿದೆ. ಅವರು "ಆಗಿದ್ದು ಆತು, ಈಗ ಅದೆಲ್ಲ ಎಂತಕ್ಕೆ?" ಎಂದರು. ಡಾಕ್ಟರ ಫೈಲಿನಲ್ಲಿ 'ಹತ್ತು ತಿಂಗಳಿಗೆ ಮುಂಚೆ ಯಾರೂ ಗಮನಿಸಿಲ್ಲ' ಎಂದು ಬರೆದದ್ದು ಹಾಗೇ ಇದೆ. ಮುಂದಿನ ಪ್ಲಾಸ್ಟರಿಗೆ ಹೋದಾಗ ಅದನ್ನು ತಿದ್ದಿಸುತ್ತೇನೆ. ಅದರಿಂದ ಇಳಾಳ ಬೆನ್ನು ಒಂದು ಡಿಗ್ರಿಯೂ ನೆಟ್ಟಗಾಗುವುದಿಲ್ಲ, ಗೊತ್ತು.

ಹಾಗಾಗಿ ತೀರ್ಥಹಳ್ಳಿಯ ಓದುಗರೇ, ಈ ವಾರದ ಪ್ರಶ್ನೆ ನಿಮಗೆ ಮಾತ್ರ. ಚೌಡಮ್ಮ ಬೆಳಿಗ್ಗೆ ಎಂಟರ ಬಸ್ಸಿಗೆ ಬಂದು ನಾಲ್ಕು ಮನೆಯ ಕೂಸುಗಳನ್ನು ಮೀಯಿಸಿ, ಏನೂ ಮಾತಾಡದೆ ಹಿತ್ತಿಲ ಬಾಗಿಲಿನಿಂದ ವಾಪಸ್ ಹೋಗುತ್ತಾರೆ.

ಆ ನಾಲ್ಕರಲ್ಲಿ ನಿಮ್ಮ ಮನೆಯೂ ಒಂದಾ?